ಇದ್ದ ಕಾರಿಗೇ ಒಬ್ಬ ಸಹಾಯಕ



2016ರ ಅಕ್ಟೋಬರ್ 27ರಂದು ಅಮೆರಿಕ ಸರ್ಕಾರದ ಹೆದ್ದಾರಿ ಸುರಕ್ಷತಾ ಆಡಳಿತ ಸ್ಯಾನ್ ಫ್ರಾನ್ಸಿಸ್ಕೋದ ಪುಟ್ಟ ಕಂಪನಿಯೊಂದಕ್ಕೆ ನೋಟಿಸು ಕಳಿಸಿತು. ಕಂಪನಿಯ ಹೆಸರು ಕಾಮಾ ಡಾಟ್ ಎಐ. ಅದನ್ನು ಕಟ್ಟಿದ ಜಾರ್ಜ್ ಹಾಟ್ಜ್‌ಗೆ ಆಗ 27 ವರ್ಷ. ಹದಿನೇಳಕ್ಕೇ ಐಫೋನಿನ ಬೀಗ ಬಿಡಿಸಿ ಹೆಸರು ಮಾಡಿದ್ದವನು, ಮುಂದೆ ಪ್ಲೇಸ್ಟೇಷನ್ 3ರ ಬೀಗವನ್ನೂ ಬಿಡಿಸಿ ಸೋನಿ ಕಂಪನಿಯಿಂದ ಕೋರ್ಟಿಗೆ ಎಳೆಸಿಕೊಂಡವನು. ಈ ಸಲ ಅವನ ಕಣ್ಣು ಕಾರಿನ ಮೇಲೆ ಬಿದ್ದಿತ್ತು. 999 ಡಾಲರಿಗೆ ಒಂದು ಪೆಟ್ಟಿಗೆ ಕೊಡುತ್ತೇನೆ, ಗಾಜಿನ ಹಿಂದೆ ಕೂರಿಸಿಕೊಳ್ಳಿ, ನಿಮ್ಮ ಹೋಂಡಾ ಹೆದ್ದಾರಿಯಲ್ಲಿ ತಾನೇ ಲೇನ್ ಹಿಡಿದು ಹೋಗುತ್ತದೆ ಎಂದು ಹಿಂದಿನ ತಿಂಗಳಷ್ಟೇ ಸಾರಿದ್ದ. ಸರ್ಕಾರ ಕೇಳಿದ್ದು ಸರಳ ಪ್ರಶ್ನೆಗಳು. ಯಾವ್ಯಾವ ಕಾರಿಗೆ ಹಾಕುತ್ತೀರಿ? ಹೇಗೆ ಪರೀಕ್ಷೆ ಮಾಡಿದ್ದೀರಿ? ಸುರಕ್ಷಿತ ಎನ್ನುವುದಕ್ಕೆ ಆಧಾರವೇನು? ನವೆಂಬರ್ 10ರೊಳಗೆ ಉತ್ತರ ಬಾರದಿದ್ದರೆ ದಿನಕ್ಕೆ 21 ಸಾವಿರ ಡಾಲರ್‌ವರೆಗೆ ದಂಡ.

ಹಾಟ್ಜ್ ಉತ್ತರ ಬರೆಯಲಿಲ್ಲ. ಮರುದಿನವೇ ಚೀನಾದ ಶೆನ್‌ಜೆನ್‌ನಲ್ಲಿ ಕೂತು, ಪೆಟ್ಟಿಗೆ ಮಾರುವ ಯೋಚನೆಯನ್ನೇ ಕೈಬಿಟ್ಟಿದ್ದೇನೆ, ವಕೀಲರ ಜೊತೆ ಗುದ್ದಾಡುವುದಕ್ಕೆ ನನ್ನ ಆಯುಷ್ಯ ಇಲ್ಲ ಎಂಬರ್ಥದ ಮಾತಾಡಿದ. ಕಥೆ ಅಲ್ಲಿಗೆ ಮುಗಿಯಿತು ಎಂದುಕೊಂಡರು ಜನ. ತಿಂಗಳು ತುಂಬಿ ಎರಡು ದಿನಕ್ಕೆ, ನವೆಂಬರ್ 30ರಂದು, ಪೆಟ್ಟಿಗೆಯೊಳಗಿನ ತಂತ್ರಾಂಶವನ್ನೆಲ್ಲ ಅವನು ಸಾರ್ವಜನಿಕವಾಗಿ ಬಿಚ್ಚಿಟ್ಟ. ಹೆಸರು ಓಪನ್‌ಪೈಲಟ್. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಬಳಸಬಹುದು. ದುಡ್ಡಿಲ್ಲ, ಕಾಸಿಲ್ಲ, ಗ್ಯಾರಂಟಿಯೂ ಇಲ್ಲ. ಮಾರುವ ಮಾಲಿಗೆ ಕಾನೂನು ಉಂಟು, ಬಿಟ್ಟಿ ಕೊಟ್ಟ ಬರಹಕ್ಕೆ ಏನು ಮಾಡುತ್ತೀರಿ ಎನ್ನುವ ವರಸೆ. ಮುಂದೆ ಕಂಪನಿ ಪೆಟ್ಟಿಗೆಯನ್ನೂ ಮಾರಿತು, ಆದರೆ ಖಾಲಿ ಪೆಟ್ಟಿಗೆ. ಕೊಂಡವರೇ ತಂತ್ರಾಂಶವನ್ನು ಇಳಿಸಿಕೊಳ್ಳಬೇಕು. ಇದನ್ನು ಜಾಣತನ ಎನ್ನುವವರೂ ಇದ್ದಾರೆ. ನನಗಂತೂ ಇದರಲ್ಲಿ ಸ್ವಲ್ಪ ನುಣುಚಿಕೊಳ್ಳುವ ಬುದ್ಧಿಯೇ ಕಾಣುತ್ತದೆ. ಏಕೆಂದರೆ ಸರ್ಕಾರ ಕೇಳಿದ ಪ್ರಶ್ನೆಗಳಲ್ಲಿ ಒಂದೂ ತಪ್ಪು ಪ್ರಶ್ನೆಯಲ್ಲ. ಹಾಗೆಂದು ಬಿಚ್ಚಿಟ್ಟ ಬರಹಕ್ಕೆ ಬೆಲೆಯಿಲ್ಲ ಎಂದಲ್ಲ. ಆ ಪ್ರಶ್ನೆಗಳ ಉತ್ತರವನ್ನು ನಾವೇ ಹೋಗಿ ಹುಡುಕುವ ದಾರಿ ಅದರಿಂದಲೇ ತೆರೆಯಿತು. ಇವತ್ತು ಹೇಳಬೇಕೆಂದಿರುವುದು ಅದನ್ನೇ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಿಬಿಡೋಣ. ಇದು ಚಾಲಕನಿಲ್ಲದ ಕಾರಲ್ಲ. ವಾಹನ ಎಂಜಿನಿಯರುಗಳು ಸೊನ್ನೆಯಿಂದ 5ರವರೆಗೆ ಮೆಟ್ಟಿಲು ಮಾಡಿದ್ದಾರೆ, ಇದು ಎರಡನೆಯದು. ಲೇನಿನ ನಡುವೆ ಕಾರನ್ನು ಹಿಡಿದಿಡುವುದು, ಮುಂದಿನ ವಾಹನ ನಿಧಾನವಾದರೆ ತಾನೂ ನಿಧಾನವಾಗುವುದು, ಇಷ್ಟೇ ಕೆಲಸ. ಜವಾಬ್ದಾರಿ ಪೂರ್ತಿ ಸೀಟಿನಲ್ಲಿ ಕೂತವರದು. ಇನ್ನೊಂದು ಮಾತು: ಇದನ್ನು ಅಂಬಾಸಿಡರಿಗೋ ಮಾರುತಿ 800ಕ್ಕೋ ಕೂರಿಸಲಾಗದು. ಸ್ಟಿಯರಿಂಗಿಗೆ ವಿದ್ಯುತ್ ಮೋಟಾರಿರಬೇಕು, ಲೇನ್ ನೋಡುವ ಕ್ಯಾಮೆರಾ ಕಾರ್ಖಾನೆಯಲ್ಲೇ ಕೂರಿಸಿರಬೇಕು, ಮುಂದಿನ ವಾಹನಕ್ಕೆ ಹೊಂದಿಕೊಳ್ಳುವ ಕ್ರೂಸ್ ಕಂಟ್ರೋಲ್ ಇರಬೇಕು. ಅಂದರೆ ಕೈ ಕಾಲು ಆಗಲೇ ಇರುವ ಕಾರಿಗೆ ಇನ್ನೂ ಚುರುಕಾದ ತಲೆ ಕೊಡುವ ಕೆಲಸ ಇದು.

ವೇಗವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಮೂಲ ಕ್ರೂಸ್ ಕಂಟ್ರೋಲ್‌ನ ಹುಟ್ಟಿನ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಅದನ್ನು ಕಂಡುಹಿಡಿದ ರಾಲ್ಫ್ ಟೀಟರ್ ಐದನೇ ವಯಸ್ಸಿನಿಂದ ಕುರುಡರು. ಅವರ ವಕೀಲರು ಕಾರು ಓಡಿಸುತ್ತಾ ಮಾತಿಗೆ ಕೂತರೆ ಕಾರು ನಿಧಾನ, ಮಾತು ನಿಲ್ಲಿಸಿದರೆ ಜೋರು. ಪಕ್ಕದಲ್ಲಿ ಕೂತ ಟೀಟರರಿಗೆ ಆ ಎಳೆದಾಟ ಸಾಕಾಗಿಹೋಯಿತು. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರಲ್ಲಿ ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಕಾರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಸ್ಟಿಯರಿಂಗ್ ಹಿಡಿಯದ ಮನುಷ್ಯ, ಹಿಡಿದವರ ಚಂಚಲತೆ ತಾಳಲಾರದೆ ಮಾಡಿದ ಯಂತ್ರ. ಚಾಲಕ ಸಹಾಯದ ಇಡೀ ಇತಿಹಾಸಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಸಿಗಲಿಕ್ಕಿಲ್ಲ.

ಈಗ ಕಾರಿನ ಒಳಗೆ ಬರೋಣ. ಇವತ್ತಿನ ಕಾರಿನಲ್ಲಿ ಎಂಜಿನ್ನು, ಬ್ರೇಕು, ಸ್ಟಿಯರಿಂಗು, ಬಾಗಿಲು ಎಲ್ಲಕ್ಕೂ ಒಂದೊಂದು ಸಣ್ಣ ಕಂಪ್ಯೂಟರಿದೆ. ಒಂದಕ್ಕೊಂದು ಹೆಣೆದ ಎರಡು ತಂತಿಗಳ ಮೇಲೆ ಇವು ಸಂದೇಶ ಕಳಿಸಿಕೊಳ್ಳುತ್ತವೆ. ಈ ಏರ್ಪಾಡಿಗೆ ಕ್ಯಾನ್ ಬಸ್ ಎಂದು ಹೆಸರು. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಹೊರತಂದದ್ದು. ಪ್ರತಿ ಸಂದೇಶಕ್ಕೂ ಒಂದು ನಂಬರು. ಕೇಳುವವರು ನಂಬರು ನೋಡುತ್ತಾರೆಯೇ ಹೊರತು, ಹೇಳಿದ್ದು ಯಾರು ಎಂದು ಕೇಳುವುದಿಲ್ಲ. ಕಾರಿನ ತಂತಿಗೆ ಹೊರಗಿನವರು ಬಂದು ಬಾಯಿ ಹಾಕಿಯಾರು ಎಂಬ ಯೋಚನೆ ಆ ಕಾಲದಲ್ಲಿ ಯಾರಿಗಿತ್ತು?

ಒಂದು ಉದಾಹರಣೆ ಹತ್ತಿರದಿಂದ ನೋಡಿ. ಅನೇಕ ಟೊಯೋಟಾ ಕಾರುಗಳಲ್ಲಿ ಸ್ಟಿಯರಿಂಗ್ ಮೋಟಾರಿಗೆ ಹೋಗುವ ಆಜ್ಞೆ 740ನೇ ನಂಬರಿನ ಸಂದೇಶ. ಐದೇ ಐದು ಬೈಟು ಉದ್ದ. ಸೆಕೆಂಡಿಗೆ ನೂರು ಸಲ ಹೋಗುತ್ತದೆ. ಇಷ್ಟು ಬಲ ಎಡಕ್ಕೆ, ಇಷ್ಟು ಬಲ ಬಲಕ್ಕೆ ಎನ್ನುವುದು ಅದರ ತಿರುಳು. ಜೊತೆಗೆ ಒಂದು ಎಣಿಕೆ, ಸಂದೇಶ ನಡುವೆ ತಪ್ಪಿಹೋಗಿಲ್ಲ ಎಂದು ತೋರಿಸಲು. ಕೊನೆಯ ಬೈಟಿನಲ್ಲಿ ತಾಳೆ ಲೆಕ್ಕ: ಸಂದೇಶದ ನಂಬರು, ಉದ್ದ, ಉಳಿದ ಬೈಟುಗಳು, ಎಲ್ಲವನ್ನೂ ಕೂಡಿ ಬಂದ ಮೊತ್ತದ ಕೊನೆಯ ಭಾಗ. ಮೊತ್ತ ತಾಳೆಯಾಗದಿದ್ದರೆ ಸ್ಟಿಯರಿಂಗ್ ಆ ಮಾತು ಕೇಳುವುದಿಲ್ಲ. ಇದನ್ನೆಲ್ಲ ಕಂಪನಿಯವರು ಪುಸ್ತಕ ಮಾಡಿ ಹಂಚಿದ್ದಲ್ಲ. ಕಾರಿನ ಮಾಲೀಕರು ಲ್ಯಾಪ್‌ಟಾಪ್ ಸಿಕ್ಕಿಸಿಕೊಂಡು, ಸ್ಟಿಯರಿಂಗ್ ಅತ್ತಿತ್ತ ತಿರುಗಿಸಿ, ಬ್ರೇಕು ತುಳಿದು ಬಿಟ್ಟು, ಯಾವ ಅಂಕಿ ಯಾವಾಗ ಬದಲಾಗುತ್ತದೆ ಎಂದು ಕಾದು ನೋಡಿ ಪತ್ತೆ ಮಾಡಿದ್ದು. ಹಾಗೆ ಪತ್ತೆಯಾದದ್ದನ್ನೆಲ್ಲ ಒಂದೇ ಕಡೆ ಬರೆದಿಡುತ್ತಾ ಹೋದರು. ಓಪನ್‌ಪೈಲಟ್ ಹೊಂದುವ ಮಾದರಿಗಳು ಮೊದಲು ಎರಡು ಇದ್ದವು, ಈಗ ಮುನ್ನೂರರ ಗಡಿ ದಾಟಿವೆ.

ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಂಗಿಯ ಮಗ ತನ್ನ 2020ರ ಕೊರೊಲಾ ಕಾರಿಗೆ ಇದನ್ನು ಕೂರಿಸುವಾಗ ನಾನು ಟಾರ್ಚು ಹಿಡಿದು ನಿಂತಿದ್ದೆ. ದೊಡ್ಡ ರಿಪೇರಿ ಕೆಲಸ ನಿರೀಕ್ಷಿಸಿದ್ದವನಿಗೆ ನಿರಾಸೆಯೇ ಆಯಿತು. ಒಳಗನ್ನಡಿಯ ಹಿಂದಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದರೆ ಕಾರ್ಖಾನೆಯ ಕ್ಯಾಮೆರಾ ಕಾಣುತ್ತದೆ. ಅದಕ್ಕೆ ಬಂದಿರುವ ಪ್ಲಗ್ಗು ಕಿತ್ತು, ನಡುವೆ ಹೊಸ ತಂತಿಕಟ್ಟು ಸೇರಿಸಬೇಕು: ಒಂದು ತುದಿ ಕ್ಯಾಮೆರಾಕ್ಕೆ, ಇನ್ನೊಂದು ಕಾರಿಗೆ, ಮೂರನೆಯದು ಹೊಸ ಪೆಟ್ಟಿಗೆಗೆ. ಎಲ್ಲೂ ತಂತಿ ಕತ್ತರಿಸುವಂತಿಲ್ಲ, ಬೆಸುಗೆ ಹಾಕುವಂತಿಲ್ಲ. ಕರೆಂಟಿನ ತಂತಿಯನ್ನು ಮಾಡಿನ ಬಟ್ಟೆಯ ಅಂಚಿನಲ್ಲಿ ತೂರಿಸಿ, ಬಾಗಿಲ ಪಕ್ಕದ ಕಂಬದ ಒಳಗಿಂದ ಇಳಿಸಿ, ಮೆಕ್ಯಾನಿಕ್ಕುಗಳು ಸ್ಕ್ಯಾನರ್ ಚುಚ್ಚುವ ಜಾಗಕ್ಕೆ ಸಿಕ್ಕಿಸಿದ. ಹೆಚ್ಚು ಹೊತ್ತು ಹಿಡಿದದ್ದು ಗಾಜು ಒರೆಸಿ ಹಿಡಿಕೆಯನ್ನು ನೆಟ್ಟಗೆ ಅಂಟಿಸುವುದಕ್ಕೆ. ಬೇಡ ಎನಿಸಿದ ದಿನ ತಂತಿಕಟ್ಟು ಕಿತ್ತು ಹಳೇ ಪ್ಲಗ್ಗು ಹಾಕಿದರೆ ಕಾರು ಮೊದಲಿನಂತೆಯೇ.

ಪೆಟ್ಟಿಗೆಯಲ್ಲಿ ಮೂರು ಕ್ಯಾಮೆರಾ. ಎರಡು ರಸ್ತೆಯ ಕಡೆಗೆ: ಒಂದು ದೂರಕ್ಕೆ, ಒಂದು ಅಗಲಕ್ಕೆ. ಮೂರನೆಯದು ನಮ್ಮ ಮುಖದ ಕಡೆಗೆ. ಕತ್ತಲಲ್ಲೂ ಕಾಣಲು ಅತಿಗೆಂಪು ದೀಪ. ಒಳಗೆ ಮೊಬೈಲ್ ಫೋನಿಗೆಂದು ಮಾಡಿದ ಚಿಪ್ಪು. ಬೇರೆಯವರು ಓಡಿಸಿದ ಅಸಂಖ್ಯ ಮೈಲಿಗಳ ವಿಡಿಯೋ ನೋಡಿ ಪಳಗಿದ ಒಂದು ನರಜಾಲ (ನ್ಯೂರಲ್ ನೆಟ್‌ವರ್ಕ್) ಅದರಲ್ಲಿ ಕೂತು, ಇಂಥ ಜಾಗದಲ್ಲಿ ಮನುಷ್ಯನಾದರೆ ಕಾರನ್ನು ಎಲ್ಲಿ ಒಯ್ಯುತ್ತಿದ್ದ ಎಂದು ಊಹಿಸುತ್ತದೆ. ಈ ಪಳಗಿಸುವಿಕೆಗೆ ಬೇಕಾದ ವಿಡಿಯೋ ಬಳಕೆದಾರರ ಕಾರಿನಿಂದಲೇ ಹೋಗುತ್ತದೆ, ಬೇಡವೆಂದರೆ ನಿಲ್ಲಿಸಿಕೊಳ್ಳಬಹುದು. ಮುಖದ ವಿಡಿಯೋ ಮಾತ್ರ ನಾವಾಗಿ ಒಪ್ಪಿದರೆ ಹೋಗುತ್ತದೆ.

ಕಣಿವೆಯ ನಡುವೆ ನೆಟ್ಟಗೆ ಮಲಗಿರುವ 5ನೇ ನಂಬರಿನ ಹೆದ್ದಾರಿಗೆ ಹತ್ತಿದ ಮೇಲೆ ಹುಡುಗ ಕಾರಿನದೇ ಕ್ರೂಸ್ ಬಟನ್ ಒತ್ತಿದ. ಪರದೆಯ ಮೇಲೆ ರಸ್ತೆಯ ಚಿತ್ರ, ಅದರ ಮೇಲೆ ಹಸಿರು ಹಾಸು. ಸ್ಟಿಯರಿಂಗ್ ಕೂದಲೆಳೆಯಷ್ಟು ಅತ್ತ ಇತ್ತ ಆಡುತ್ತಿತ್ತು. ನಾನು ನೋಡುತ್ತಿದ್ದದ್ದು ಅವನ ಕೈಯನ್ನು. "ಮಾವ, ಹೆದರಬೇಡಿ, ಕೈ ಮೇಲೇ ಇದೆ" ಎಂದ. ಆಮೇಲೆ ನೀರಿನ ಬಾಟಲಿ ಹುಡುಕಲು ಪಕ್ಕಕ್ಕೆ ಬಗ್ಗಿ ಕೆಲವು ಸೆಕೆಂಡು ಆಗಿರಬೇಕು, ಪೆಟ್ಟಿಗೆ ಪೀಂಗುಟ್ಟಿತು. ಅವನು ಕತ್ತೆತ್ತಲಿಲ್ಲ, ಸದ್ದು ಜೋರಾಯಿತು. ಎತ್ತಿ ರಸ್ತೆ ನೋಡಿದ, ಸುಮ್ಮನಾಯಿತು. "ಇದೇನೋ, ನಿಮ್ಮಮ್ಮ ಪಕ್ಕದಲ್ಲಿ ಕೂತಂಗಿದೆಯಲ್ಲೋ" ಎಂದೆ. "ಅಮ್ಮನಿಗಾದರೆ ಸಮಾಧಾನ ಹೇಳಬಹುದು ಮಾವ, ಇದಕ್ಕೆ ಆಗಲ್ಲ" ಎಂದ.

ಈ ಪೀಂಗುಟ್ಟುವಿಕೆಯನ್ನು ಸಣ್ಣ ಸಂಗತಿ ಎಂದು ತಳ್ಳುವಂತಿಲ್ಲ. 2016ರ ಮೇ 7ರಂದು ಫ್ಲಾರಿಡಾದ ವಿಲಿಸ್ಟನ್ ಬಳಿ, ಆಟೋಪೈಲಟ್ ಎಂಬ ಚಾಲಕ ಸಹಾಯ ವ್ಯವಸ್ಥೆ ಹಾಕಿಕೊಂಡಿದ್ದ ಟೆಸ್ಲಾ ಕಾರೊಂದು ಅಡ್ಡ ತಿರುಗುತ್ತಿದ್ದ ಟ್ರೇಲರಿನ ಅಡಿಗೆ ನುಗ್ಗಿ ಚಾಲಕ ತೀರಿಕೊಂಡ. ತನಿಖೆಯಲ್ಲಿ ತಿಳಿದದ್ದು: ಆಟೋಪೈಲಟ್ ನಡೆಯುತ್ತಿದ್ದ 37 ನಿಮಿಷಗಳಲ್ಲಿ ಸ್ಟಿಯರಿಂಗಿನ ಮೇಲೆ ಕೈ ಇದ್ದದ್ದು ಕಾರಿಗೆ ಗೊತ್ತಾದದ್ದು 25 ಸೆಕೆಂಡು ಮಾತ್ರ. ಯಂತ್ರ ಚೆನ್ನಾಗಿ ಓಡಿಸಿದಷ್ಟೂ ಮನುಷ್ಯ ಮೈಮರೆಯುತ್ತಾನೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿ ಮಾಡುವ ಸಹಾಯಕ, ಐವತ್ತು ಸಲ ತಪ್ಪುವ ಸಹಾಯಕನಿಗಿಂತ ಒಂದು ರೀತಿಯಲ್ಲಿ ಅಪಾಯಕಾರಿ. ಎರಡನೆಯವನನ್ನು ಯಾರೂ ನಂಬುವುದಿಲ್ಲವಲ್ಲ! 2020ರಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ 17 ಚಾಲಕ ಸಹಾಯ ವ್ಯವಸ್ಥೆಗಳನ್ನು ಪರೀಕ್ಷೆಗೆ ಹಚ್ಚಿತು. ಓಪನ್‌ಪೈಲಟ್ ಹಾಕಿದ ಕಾಮಾ ಪೆಟ್ಟಿಗೆಗೆ 78 ಅಂಕ, ಕ್ಯಾಡಿಲಾಕ್‌ನ ಸೂಪರ್ ಕ್ರೂಸ್‌ಗೆ 69, ಟೆಸ್ಲಾದ ಆಟೋಪೈಲಟ್‌ಗೆ 57. ಮೊದಲ ಎರಡೂ ಚಾಲಕನ ಕಣ್ಣು ಎಲ್ಲಿದೆ ಎಂದು ಕ್ಯಾಮೆರಾದಲ್ಲಿ ನೋಡುತ್ತಿದ್ದವು. ಆಗಿನ ಟೆಸ್ಲಾ ಸ್ಟಿಯರಿಂಗಿನ ಮೇಲೆ ಕೈಭಾರ ಬಿದ್ದಿದೆಯೇ ಎಂದಷ್ಟೇ ನೋಡುತ್ತಿತ್ತು.

ಇದಕ್ಕಿಂತಲೂ ನನಗೆ ಹಿಡಿಸಿದ್ದು ಇನ್ನೊಂದು ಭಾಗ, ಕಣ್ಣಿಗೆ ಕಾಣದ್ದು. ಪೆಟ್ಟಿಗೆಯ ದೊಡ್ಡ ಚಿಪ್ಪಿಗೂ ಕಾರಿನ ತಂತಿಗೂ ನಡುವೆ ಪಾಂಡಾ ಎಂಬ ಸಣ್ಣ ಚಿಪ್ಪೊಂದು ಕೂತಿದೆ. ನರಜಾಲ ಏನೇ ಹೇಳಲಿ, ಪ್ರತಿ ಸಂದೇಶವನ್ನೂ ಅದು ತಡೆದು ನೋಡುತ್ತದೆ. ಕೇಳಿದ ಬಲ ಗೊತ್ತುಮಾಡಿದ ಮಿತಿ ಮೀರಿದೆಯೇ? ಹಿಂದಿನ ಸಂದೇಶಕ್ಕಿಂತ ಒಮ್ಮೆಗೇ ಜಿಗಿದಿದೆಯೇ? ಹಾಗಿದ್ದರೆ ಸಂದೇಶ ಅಲ್ಲೇ ಬಿತ್ತು, ಮುಂದೆ ಹೋಗುವುದಿಲ್ಲ. ಚಾಲಕ ಬ್ರೇಕು ಮುಟ್ಟಿದರೆ ಎಲ್ಲ ಆಜ್ಞೆಗಳೂ ಬಂದ್. ವೇಗ ಏರಿಸುವುದಕ್ಕೂ ಇಳಿಸುವುದಕ್ಕೂ ಅಂತರರಾಷ್ಟ್ರೀಯ ಮಾನಕದ ಕಟ್ಟು: ಒಂದು ಸೆಕೆಂಡಿನಲ್ಲಿ ವೇಗವನ್ನು ಸೆಕೆಂಡಿಗೆ 2 ಮೀಟರಿಗಿಂತ ಹೆಚ್ಚು ಏರಿಸುವಂತಿಲ್ಲ, 3.5 ಮೀಟರಿಗಿಂತ ಹೆಚ್ಚು ತಗ್ಗಿಸುವಂತಿಲ್ಲ. ಸ್ಟಿಯರಿಂಗಿಗೆ ಕೊಡುವ ಬಲವನ್ನು ಬೇಕೆಂದೇ ಕಡಿಮೆ ಇಟ್ಟಿದ್ದಾರೆ. ನಾವು ಎಳೆದರೆ ನಮ್ಮ ಕೈಯೇ ಗೆಲ್ಲಬೇಕು, ಅದು ತಪ್ಪು ತಿರುಗಿಸಿದರೂ ನಮಗೆ ಎಚ್ಚರವಾಗಿ ಸರಿಪಡಿಸುವಷ್ಟು ಸಮಯ ಉಳಿಯಬೇಕು, ಇದು ಲೆಕ್ಕ. ನಮ್ಮ ಲಾರಿಗಳಲ್ಲಿ ಎಡಗಡೆ ಕೂತ ಕ್ಲೀನರ್ ಹುಡುಗ "ಬರ್ಲಿ ಬರ್ಲಿ, ಹೋಲ್ಡಾನ್" ಎಂದು ಬಾಗಿಲು ತಟ್ಟುತ್ತಾನೆಯೇ ವಿನಾ, ಡ್ರೈವರಣ್ಣನ ಕೈಯಿಂದ ಸ್ಟಿಯರಿಂಗ್ ಕಸಿಯುವುದಿಲ್ಲ. ನಮ್ಮ ಪೆಟ್ಟಿಗೆಯ ಅಧಿಕಾರವೂ ಹೆಚ್ಚುಕಡಿಮೆ ಅಷ್ಟಕ್ಕೇ ನಿಂತಿದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಕಡಿದಾದ ತಿರುವಿನಲ್ಲಿ ಈ ಸಹಾಯಕನ ಬಲ ಸಾಲುವುದಿಲ್ಲ. ತಿರುವು ನನ್ನ ಮಿತಿ ಮೀರಿದೆ, ನೀವೇ ಹಿಡಿಯಿರಿ ಎಂದು ಪರದೆಯಲ್ಲಿ ಕೂಗಿಕೊಳ್ಳುತ್ತದೆ. ಆಗುಂಬೆ ಘಾಟಿಗೆ ತಂದರೆ ದಾರಿಯುದ್ದಕ್ಕೂ ಕೂಗುತ್ತಲೇ ಇದ್ದೀತು.

ಮುಕ್ತ ತಂತ್ರಾಂಶದ ಕಷ್ಟವೂ ಇಲ್ಲೇ ಇದೆ. ಎಲ್ಲರೂ ಓದಬಹುದು ಎಂದರೆ ಎಲ್ಲರೂ ತಿದ್ದಬಹುದು. ಮುಖ ನೋಡುವ ಕ್ಯಾಮೆರಾದ ಕಾಟ ಬೇಡ ಎನಿಸಿದವರು ಅಷ್ಟು ಭಾಗ ಕಿತ್ತುಹಾಕಿ ತಮ್ಮದೇ ನಕಲು ಮಾಡಿಕೊಳ್ಳಲು ತಡೆಯೇನೂ ಇಲ್ಲ. ಅಂಥ ನಕಲಿಗೆ ನಮ್ಮ ಸರ್ವರಿನಲ್ಲಿ ಜಾಗವಿಲ್ಲ ಎಂದು ಕಂಪನಿ ನಿಯಮ ಮಾಡಿದೆ. ಮನೆಯಲ್ಲಿ ಕೂತು ಮಾಡುವವರನ್ನು ಅದು ಹಿಡಿಯಲಾರದು. ತಂತ್ರಾಂಶದ ಜೊತೆಗೇ ಬರುವ ಎಚ್ಚರಿಕೆ ಬೇರೆ: ಇದು ಸಂಶೋಧನೆಗಾಗಿ ಇರುವ ಆರಂಭದ ಹಂತದ ತಂತ್ರಾಂಶ, ಮಾರಾಟದ ವಸ್ತುವಲ್ಲ, ನಿಮ್ಮ ಊರಿನ ಕಾನೂನು ಪಾಲಿಸುವುದು ನಿಮ್ಮ ಹೊಣೆ. ಎಲ್ಲ ಸರಿ, ಆದರೆ ಎದುರಿನಿಂದ ಬರುವ ಬೈಕಿನವನು ಆ ಎಚ್ಚರಿಕೆ ಓದಿ ಒಪ್ಪಿಗೆ ಕೊಟ್ಟಿರುವುದಿಲ್ಲ. ಈ ವಾದಕ್ಕೆ ಮುಕ್ತ ತಂತ್ರಾಂಶದ ಅಭಿಮಾನಿಗಳಿಂದ ಸಮಾಧಾನಕರ ಉತ್ತರ ನಾನಿನ್ನೂ ಕೇಳಿಲ್ಲ.

ಈ ನಡುವೆ ಕಾರು ಕಂಪನಿಗಳು ಬಾಗಿಲು ಹಾಕತೊಡಗಿವೆ. ಹೊಸ ಟೊಯೋಟಾಗಳು ಕೆಲವದರಲ್ಲಿ ಸಂದೇಶದ ಕೊನೆಗೆ ಬರೀ ತಾಳೆ ಲೆಕ್ಕವಲ್ಲ, ಗುಟ್ಟಿನ ಕೀಲಿಯಿಂದ ಹಾಕಿದ ಮುದ್ರೆ ಇರುತ್ತದೆ. ಕೀಲಿ ಇಲ್ಲದವರ ಮಾತು ಸ್ಟಿಯರಿಂಗ್ ಕೇಳುವುದಿಲ್ಲ. ಓಪನ್‌ಪೈಲಟ್ ಕೀಲಿ ಸಿಗದ ಕಡೆ ಮೂಕ. ಇದನ್ನು ಕಂಪನಿಗಳ ಕುತಂತ್ರ ಎಂದು ಬೈಯುವ ಮೊದಲು ಇನ್ನೊಂದು ಸಂಗತಿ ತಿಳಿದಿರಬೇಕು. ಮುಂದಿನ ದೀಪದ ಹಿಂದಿನ ತಂತಿಗೆ ಕೈ ಹಾಕಿ, ಅದೇ ಕ್ಯಾನ್ ಬಸ್ಸಿನ ಮೇಲೆ ಸುಳ್ಳು ಸಂದೇಶ ಕಳಿಸಿ, ಕಾರು ಕದ್ದೊಯ್ಯುವ ಕಳ್ಳರ ವಿಧಾನ 2023ರಲ್ಲಿ ಬ್ರಿಟನ್ನಿನಲ್ಲಿ ಬಯಲಾಯಿತು. ಯುರೋಪಿನಲ್ಲಿ 2024ರ ಜುಲೈನಿಂದ ಹೊಸದಾಗಿ ಮಾರುವ ಕಾರುಗಳೆಲ್ಲ ವಿಶ್ವಸಂಸ್ಥೆಯ 155ನೇ ಸೈಬರ್ ಸುರಕ್ಷತಾ ನಿಯಮ ಪಾಲಿಸಬೇಕು. ಬೀಗ ಬೇಕೇ ಬೇಕು. ಆದರೆ ಕೀಲಿ ಯಾರ ಜೇಬಿನಲ್ಲಿರಬೇಕು? ದುಡ್ಡು ಕೊಟ್ಟು ಕೊಂಡವರದೋ, ಮಾಡಿ ಮಾರಿದವರದೋ? 2020ರ ನವೆಂಬರಿನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು, ಕಾರಿನಿಂದ ಹೊರಡುವ ಮಾಹಿತಿ ಮಾಲೀಕರಿಗೂ ಅವರು ಆರಿಸಿದ ಮೆಕ್ಯಾನಿಕ್ಕಿಗೂ ಸಿಗಬೇಕೆಂದು ಮತ ಹಾಕಿದರು. ಅದು ರಿಪೇರಿಯ ಮಾತಾಯಿತು. ಸ್ಟಿಯರಿಂಗ್ ತಿರುಗಿಸುವ ಹಕ್ಕಿನ ಮಾತನ್ನು ಇನ್ನೂ ಯಾರೂ ಮತಪೆಟ್ಟಿಗೆಗೆ ಒಯ್ದಿಲ್ಲ.

ನಮ್ಮಲ್ಲಿಗೆ ಬಂದರೆ ಹೇಗೆ? ಓಪನ್‌ಪೈಲಟ್‌ನ ಜೊತೆಗಿರುವ ಬರಹದಲ್ಲಿ ಯಾವಾಗ ಇದನ್ನು ನಂಬಬಾರದು ಎಂಬ ಪಟ್ಟಿಯಿದೆ. ಜೋರು ಮಳೆ, ಕಡಿದಾದ ತಿರುವು, ರಸ್ತೆ ಕಾಮಗಾರಿ, ಟೋಲ್ ಗೇಟಿನ ಹತ್ತಿರ, ಪಾದಚಾರಿಗಳೂ ಸೈಕಲ್ಲುಗಳೂ ಇರುವ ರಸ್ತೆ. ಓದುತ್ತಾ ಹೋದರೆ ತುಮಕೂರಿನಿಂದ ಶಿವಮೊಗ್ಗಕ್ಕೆ ಹೋದ ಅನುಭವವಾಗುತ್ತದೆ. ಪಟ್ಟಿಯಲ್ಲಿ ಬಿಟ್ಟುಹೋದದ್ದು ಬಣ್ಣ ಬಳಿಯದ ಹಂಪು, ಒಣಹಾಕಿದ ರಾಗಿ ಮತ್ತು ಎದುರು ದಿಕ್ಕಿನಿಂದ ಬರುವ ಟ್ರ್ಯಾಕ್ಟರು.

ಇದನ್ನು ಬರೀ ತಮಾಷೆ ಎಂದುಕೊಳ್ಳಬೇಡಿ, ಇದರ ಮೇಲೆ ಸಂಶೋಧನೆಯೇ ನಡೆದಿದೆ. ಜರ್ಮನಿಯ ಬೀದಿಗಳ ಚಿತ್ರ ನೋಡಿ ಕಲಿತ ಯಂತ್ರಕ್ಕೆ ನಮ್ಮ ರಸ್ತೆ ಅರ್ಥವಾಗುವುದಿಲ್ಲ ಎಂದು ಕಂಡುಕೊಂಡ ಹೈದರಾಬಾದಿನ ಐಐಐಟಿಯವರು, ಇಂಟೆಲ್ ಜೊತೆ ಸೇರಿ, ಬೆಂಗಳೂರು, ಹೈದರಾಬಾದ್ ಮತ್ತು ಸುತ್ತಲಿನ ರಸ್ತೆಗಳಲ್ಲಿ ಕಾರು ಓಡಿಸಿ 10 ಸಾವಿರ ಚಿತ್ರಗಳ ಸಂಗ್ರಹವೊಂದನ್ನು 2018ರಲ್ಲಿ ಹೊರತಂದರು. ಚಿತ್ರದ ಒಂದೊಂದು ಚುಕ್ಕೆಗೂ ಗುರುತು ಹಚ್ಚಿದ್ದಾರೆ, 34 ವರ್ಗಗಳಲ್ಲಿ. ಆಟೋರಿಕ್ಷಾಕ್ಕೆ ಅಲ್ಲಿ ಸ್ವಂತ ವರ್ಗ, ಪ್ರಾಣಿಗಳಿಗೆ ಇನ್ನೊಂದು. ಡಾಂಬರಿನ ಪಕ್ಕದ ಮಣ್ಣಿಗೂ ಒಂದು ವರ್ಗ ಕೊಟ್ಟಿದ್ದಾರೆ: ರಸ್ತೆಯಲ್ಲ, ಆದರೆ ಬೇಕಾದರೆ ವಾಹನ ಇಳಿಸಬಹುದು. ಎದುರಿಗೆ ಬಸ್ಸು ಬಂದಾಗ ನಾವೆಲ್ಲ ಯೋಚಿಸದೆ ಬಳಸುವ ಜಾಗವನ್ನು ಯಂತ್ರಕ್ಕೆ ತಿಳಿಸಿ ಹೇಳಲು ಇಷ್ಟು ಪಾಡು.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪುಸ್ತಕದಲ್ಲಿ ಬರೆದಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕೇರಳದಿಂದ ಬಂದ ಮೊಕದ್ದಮೆಯಲ್ಲಿ, ಅದನ್ನೇ ಗಟ್ಟಿಯಾಗಿ ಹೇಳಿತು. ಗಾಜಿಗೆ ಅಂಟಿಸಿದ ಪೆಟ್ಟಿಗೆ ಈ ಮಾತಿನ ಒಳಗೆ ಬರುತ್ತದೋ ಇಲ್ಲವೋ ಎಂದು ವಕೀಲರು ಬೇಕಾದಷ್ಟು ವಾದಿಸಬಹುದು. ಅಪಘಾತವಾದ ದಿನ ವಿಮೆಯವರ ಮುಂದೆ ಆ ವಾದ ಮಾಡುವ ಧೈರ್ಯ ನನಗಂತೂ ಇಲ್ಲ. 2020ರಿಂದೀಚೆಗೆ ಎಂಜಿ ಗ್ಲಾಸ್ಟರ್, ಮಹೀಂದ್ರ ಎಕ್ಸ್‌ಯುವಿ 700, ಹೋಂಡಾ ಸಿಟಿ ಹೈಬ್ರಿಡ್ ಮುಂತಾದವು ಕಾರ್ಖಾನೆಯಲ್ಲೇ ಚಾಲಕ ಸಹಾಯದ ಸೌಲಭ್ಯ ಕೂರಿಸಿಕೊಂಡು ಬಂದಿವೆ. ಬೇಕಾದವರು ಅದನ್ನೇ ಕೊಳ್ಳುವುದು ಲೇಸು.

ಆದರೂ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರಿಗೆ ಒಂದು ಮಾತು ಹೇಳಬೇಕು. ಓಪನ್‌ಪೈಲಟ್‌ನ ಜೊತೆಗೆ, ಯಾರೋ ಓಡಿಸಿದ ಪ್ರಯಾಣವನ್ನು ಲ್ಯಾಪ್‌ಟಾಪಿನಲ್ಲೇ ಮತ್ತೆ ನಡೆಸಿ ನೋಡುವ ಸಾಧನವನ್ನೂ ಬಿಟ್ಟಿಯಾಗಿ ಕೊಟ್ಟಿದ್ದಾರೆ. ವಿಡಿಯೋ ಓಡುತ್ತಿರುತ್ತದೆ, ಪಕ್ಕದಲ್ಲಿ ಕ್ಯಾನ್ ಬಸ್ಸಿನ ಅಂಕಿಗಳು ಹರಿಯುತ್ತಿರುತ್ತವೆ. ತಿರುವು ಬಂದಾಗ 740ನೇ ಸಂದೇಶದಲ್ಲಿ ಬಲದ ಅಂಕಿ ಹೇಗೆ ಏರುತ್ತದೆ, ಚಾಲಕ ಕೈ ಹಾಕಿದಾಗ ಹೇಗೆ ಇಳಿಯುತ್ತದೆ ಎಂದು ಕೂತು ನೋಡಬಹುದು. ಆಮೇಲೆ ಪಾಂಡಾ ಚಿಪ್ಪಿನ ಸುರಕ್ಷತೆಯ ಭಾಗವನ್ನು ತೆರೆಯಿರಿ. ಸಿ ಭಾಷೆ ಬಲ್ಲವರಿಗೆ ಓದಲು ಕಷ್ಟವಿಲ್ಲ. ಮಿತಿ ಇಷ್ಟೇ ಏಕೆ, ಇನ್ನೂ ಕಡಿಮೆ ಇದ್ದರೆ ಏನಾಗುತ್ತಿತ್ತು, ಕ್ಯಾಮೆರಾಕ್ಕೆ ಕಣ್ಣೇ ಕಾಣದಿದ್ದಾಗ ಏನು ಮಾಡುತ್ತದೆ ಎಂದು ಮೇಷ್ಟ್ರನ್ನು ಕೇಳಿ ಕಾಡಿ. ಅಮೆರಿಕ ಸರ್ಕಾರದ ನೋಟಿಸಿನ ಪ್ರಶ್ನೆಗಳನ್ನೇ ಪ್ರಾಜೆಕ್ಟಿನ ವಿಷಯ ಮಾಡಿಕೊಳ್ಳಬಹುದು. ಅದಕ್ಕೆ ಕಾರೂ ಬೇಕಿಲ್ಲ, ಆರ್‌ಟಿಓ ಕಚೇರಿಗೆ ಅಲೆಯುವುದೂ ಬೇಕಿಲ್ಲ.